ಹಂದಿಯ ನೆತ್ತಿಗೆ ಬಡಿದು ಮುರಿದ ಮರ

ಮಾವನ ಹಂದಿ ವರ್ಷ ವರ್ಷ ಬೆಳೆಯುತ್ತಿತ್ತು.

ಸೊಸೆ ಆ ಮನೆಗೆ ಕಾಲಿಟ್ಟಾಗ ಅದು ಕರುವಿನಷ್ಟಿತ್ತು. ಮೊದಲ ಮಗು ಹುಟ್ಟುವ ಹೊತ್ತಿಗೆ ಎಮ್ಮೆಯಷ್ಟಾಯಿತು. ಎರಡನೆಯದು ಶಾಲೆಗೆ ಸೇರಿದ ಮೇಲೆ ಹೋಲಿಸಲು ತಕ್ಕ ಪ್ರಾಣಿಯೇ ಸಿಗದೆ ಮಾವ ನಡುಮನೆಯ ಬಾಗಿಲ ಕಡೆ ಕೈ ತೋರಿಸಿ, "ಈ ಬಾಗಿಲಲ್ಲಿ ತೂರ್ತಿರಲಿಲ್ಲ ಅಂದ್ರೆ ಲೆಕ್ಕ ಹಾಕಿ" ಎನ್ನತೊಡಗಿದರು. ಹಾಗೆ ನೋಡಿದರೆ ಅವರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದು ನಿವೃತ್ತರಾದವರು. ಊರಿನ ಅಂಗಡಿಗಳಿಗೆಲ್ಲ ಹೇಳದೆ ಕೇಳದೆ ನುಗ್ಗಿ, ತಕ್ಕಡಿಯ ತಟ್ಟೆಯ ಅಡಿಗೆ ಅಂಟಿಸಿದ ಹುಣಸೆಹಣ್ಣಿನ ಉಂಡೆ ಕಿತ್ತು ತೆಗೆದವರು. ಎಲ್ಲರ ತೂಕದ ಕಲ್ಲನ್ನೂ ತೂಗಿ ನೋಡಿದ ಆ ಮನುಷ್ಯ ತನ್ನ ಹಂದಿಯನ್ನು ಮಾತ್ರ ಯಾವ ತಕ್ಕಡಿಗೂ ಏರಿಸಲಿಲ್ಲ.

ಕಥೆ ಇಷ್ಟೇ. ಮಾವನ ಮದುವೆಯಾದ ಹೊಸದರಲ್ಲಿ ಅತ್ತೆಯ ಅಪ್ಪ ಅಳಿಯನಿಗೆಂದು ಹೊಚ್ಚಹೊಸ ಬೇಟೆ ಬಂದೂಕು ತರಿಸಿಕೊಟ್ಟರು. ಅವರು ಪೊದೆಮೀಸೆಯ ದೊಡ್ಡ ಶಿಕಾರಿ. ಬಂದೂಕು ಹಿಡಿಯದ ಅಳಿಯ ಅವರ ಕಣ್ಣಿಗೆ ಅರ್ಧ ಅಳಿಯ. ಅಳಿಯ ಕಾಡಿಗೆ ಹೋದ. ಇದ್ದ ಗುಂಡೆಲ್ಲ ಖಾಲಿಯಾದ ಮೇಲೆ ಪೊದೆಯಿಂದ ಕಾಡುಹಂದಿ ನುಗ್ಗಿತು. ಅಳಿಯ ಹೆದರಲಿಲ್ಲ. ಬಂದೂಕನ್ನು ತಲೆಕೆಳಗು ಮಾಡಿ, ನಳಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಭುಜಕ್ಕೆ ಆನಿಸುವ ಹಿಂಬದಿಯ ಮರದಿಂದ ಹಂದಿಯ ನೆತ್ತಿಗೆ ಒಂದು ಬಿಟ್ಟ. ಹಂದಿ ಪೇರಿ ಕಿತ್ತಿತು. ಮರ ಎರಡು ಹೋಳಾಯಿತು. ಈಗಿರುವುದು ಆಮೇಲೆ ಪೇಟೆಯಲ್ಲಿ ಹಾಕಿಸಿದ ಹೊಸ ಮರ.

"ಅಷ್ಟು ದೊಡ್ಡ ಯುದ್ಧ ಆಗಿದೆ, ಬಂದೂಕಿನ ಮೇಲೆ ಒಂದು ಗೀರೂ ಇಲ್ವಲ್ಲ?" ಎಂದು ಯಾರಾದರೂ ಕೇಳಲಿ ಎಂದೇ ಮಾವ ಕಾಯುತ್ತಿದ್ದರು.

"ಎಲ್ಲಿಂದ ಬರುತ್ತೆ ಗೀರು? ಗೀರೆಲ್ಲ ಹಳೇ ಮರದ ಜೊತೆ ಹೋಯ್ತು. ಇದು ಹೊಸ ಮರ ಅಲ್ವಾ!"

ಗುರುತಿಲ್ಲದಿರುವುದೇ ಗುರುತು. ಇಂಥ ಸಾಕ್ಷಿಯನ್ನು ಯಾವ ಕೋರ್ಟು ಅಲ್ಲಗಳೆಯಬೇಕು?

ಅಲ್ಲಗಳೆಯುವವನು ಒಬ್ಬನಿದ್ದ. ಮಾವನ ಗೆಳೆಯ, ಅಂಗಡಿ ಮುಚ್ಚಿ ಮನೆಯಲ್ಲಿ ಕೂತ ದರ್ಜಿ. ಹೊಲಿಗೆ ಬಿಟ್ಟರೂ ಚುಚ್ಚುವುದು ಬಿಡಲಿಲ್ಲವೆಂದು ಎಲ್ಲರೂ ಅವನನ್ನು ಸೂಜಿ ಎಂದೇ ಕರೆಯುತ್ತಿದ್ದರು. ಸೂಜಿ ಕಥೆಯ ಮಧ್ಯೆ ಬಾಯಿ ಹಾಕಿ, "ಹಂದಿ ಬಂದದ್ದು ಯಾವ ಕಡೆಯಿಂದ ಇನ್ಸ್‌ಪೆಕ್ಟ್ರೇ?" ಎನ್ನುತ್ತಿದ್ದ. ಮಾವ ಕೆಮ್ಮುತ್ತಿದ್ದರು, ನೀರು ಕುಡಿಯುತ್ತಿದ್ದರು, ಆಮೇಲೆ "ಬಲಗಡೆಯಿಂದ" ಎನ್ನುತ್ತಿದ್ದರು. "ಹೋದ ಸಲ ಎಡಗಡೆ ಇತ್ತು" ಎಂದು ಸೂಜಿ ದಾರ ಪೋಣಿಸುತ್ತಿದ್ದ.

ಇಲ್ಲಿ ಒಂದು ತಮಾಷೆಯೆಂದರೆ ಸೊಸೆಯ ಕಸುಬೇ ಬಂದೂಕು ರಿಪೇರಿ. ತವರಿನಲ್ಲಿ ಅಪ್ಪನ ಪಕ್ಕ ಕೂತು ಕಲಿತದ್ದು. ಮನೆಯ ಮುಂದಿನ ಕೋಣೆಯೇ ಅಂಗಡಿ: ಒಂದು ಉದ್ದನೆಯ ಮೇಜು, ಬಂದೂಕನ್ನು ಬಿಗಿದು ಹಿಡಿಯುವ ಕಬ್ಬಿಣದ ವೈಸಿಗೆ ಸುತ್ತಿದ ಹಳೇ ಕಂಬಳಿ ತುಂಡು, ಎಣ್ಣೆ ಬಟ್ಟೆಯ ವಾಸನೆ, ಗೋಡೆಯ ಮೇಲೆ ಮಕ್ಕಳ ಶಾಲೆಯ ವೇಳಾಪಟ್ಟಿ. ಊರೂರಿನ ಬಂದೂಕುಗಳು ಅವಳ ಮೇಜಿಗೆ ಬರುತ್ತಿದ್ದವು, ಒಳಗಿನ ಕೋಣೆಯ ಬೀರುವಿನಲ್ಲಿದ್ದ ಮಾವನದೊಂದನ್ನು ಬಿಟ್ಟು. ಅದನ್ನು ಮಾವ ತಾವೇ ಒರೆಸುತ್ತಿದ್ದರು, ಹಸುಗೂಸಿಗೆ ಎಣ್ಣೆ ಹಚ್ಚುವ ಹಾಗೆ. "ಒಮ್ಮೆ ಬಿಚ್ಚಿ ನೋಡ್ಲಾ ಮಾವ?" ಎಂದರೆ "ನಿನಗ್ಯಾಕಮ್ಮ ಕಷ್ಟ, ಮೊದಲೇ ಕೈ ತುಂಬಾ ಕೆಲಸ" ಎನ್ನುತ್ತಿದ್ದರು. ಹಿತ್ತಲ ಗಿಡ ಮದ್ದಲ್ಲ ಎಂದುಕೊಂಡು ಅವಳೂ ಸುಮ್ಮನಾಗಿದ್ದಳು.

ಹೀಗಿರಲು, ಊರಿನ ಹಳೇ ಶಿಕಾರಿ ಕ್ಲಬ್ಬಿಗೆ ಒಂದು ಯೋಚನೆ ಬಂತು. ಬೇಟೆ ನಿಂತು ಎಷ್ಟೋ ಕಾಲವಾಗಿ, ಈಗ ಅಲ್ಲಿ ಇಸ್ಪೀಟು ಬಿಟ್ಟರೆ ಇನ್ನೇನೂ ಸಾಯುತ್ತಿರಲಿಲ್ಲ. ದೊಡ್ಡ ಹಾಲಿನಲ್ಲಿ ಗಾಜಿನ ಪೆಟ್ಟಿಗೆಗಳನ್ನಿಟ್ಟು ಹಳೇ ಬಂದೂಕುಗಳನ್ನು ತೋರಿಸೋಣ, ಪಕ್ಕದಲ್ಲಿ ಯಜಮಾನರ ಹೆಸರಿನ ಚೀಟಿ ಹಾಕೋಣ ಎಂದು ಕಾರ್ಯದರ್ಶಿ ಹೊರಟರು. ಷರತ್ತು ಒಂದೇ: ಮರ, ಕಬ್ಬಿಣ ಎರಡೂ ಹುಟ್ಟಿನಿಂದ ಜೊತೆಗಿರಬೇಕು. ಮರ ಬದಲಾಯಿಸಿದ ಬಂದೂಕಿಗೆ ಪೆಟ್ಟಿಗೆಯಿಲ್ಲ.

ಅದೇ ಹಾಲಿನ ಗೋಡೆಯಲ್ಲಿ ಅತ್ತೆಯ ಅಪ್ಪನ ಪೊದೆಮೀಸೆಯ ಫೋಟೋ ಇತ್ತು. ಅದರ ಕೆಳಗೇ ತಮ್ಮ ಹೆಸರು, ತಮ್ಮ ಬಂದೂಕು! ಮಾವ ರಾತ್ರೋರಾತ್ರಿ ಹತ್ತು ವರ್ಷ ಚಿಕ್ಕವರಾದರು. ಕಾರ್ಯದರ್ಶಿಯನ್ನು ಮನೆಗೇ ಕರೆಸಿದರು. ಕರೆಯದೆ ಸೂಜಿಯೂ ಬಂದ.

"ನಮ್ಮದಕ್ಕೆ ಯಾರೂ ಕೈ ಹಚ್ಚಿಲ್ಲ ಸ್ವಾಮಿ," ಎಂದರು ಮಾವ, ಬಂದೂಕನ್ನು ಮಡಿಲಲ್ಲಿಟ್ಟುಕೊಂಡು. "ಕಾರ್ಖಾನೆಯಿಂದ ಹೇಗೆ ಬಂತೋ ಹಾಗೇ ಇದೆ. ಒಂದು ಮೊಳೆ ಸಹ ಬದಲಾಗಿಲ್ಲ."

ಸೂಜಿ ಕಾಫಿ ಲೋಟವನ್ನು ನಿಧಾನವಾಗಿ ಕೆಳಗಿಟ್ಟ. "ಹಾಗಾದ್ರೆ ಹಂದಿ?"

"ಯಾವ ಹಂದಿ?"

"ನಮಗೆಲ್ಲ ಒಂದೇ ಹಂದಿ ಗೊತ್ತಿರೋದು ಇನ್ಸ್‌ಪೆಕ್ಟ್ರೇ. ಮರ ಮುರಿದದ್ದು. ಹೊಸ ಮರ ಹಾಕಿಸಿದ್ದು."

ಇಷ್ಟು ವರ್ಷ ಎರಡು ಕಥೆ ಬೇರೆ ಬೇರೆ ಬೀದಿಯಲ್ಲಿ ಸುಖವಾಗಿ ಓಡಾಡಿಕೊಂಡಿದ್ದವು. ಇವತ್ತು ಒಂದೇ ಬಾಗಿಲಲ್ಲಿ ಎದುರಾಬದುರಾಗಿ ತಲೆ ಚಚ್ಚಿಕೊಂಡವು. ಕಾರ್ಯದರ್ಶಿ ಒಳ್ಳೆಯ ಮನುಷ್ಯ. ಹಂದಿಯ ಕಥೆಯನ್ನು ಬಂದ ಅತಿಥಿಗಳಿಗೆಲ್ಲ ತಾವೇ ಹೇಳಿದವರು. ಅವರಿಗೂ ಪೇಚಾಯಿತು.

"ಮನೆಯಲ್ಲೇ ಪರೀಕ್ಷೆ ಮಾಡೋರಿದ್ದಾರಲ್ಲ," ಎಂದರು ಕೊನೆಗೆ. "ನಿಮ್ಮ ಸೊಸೆ ಹೇಳಿದ್ದೇ ಅಂತಿಮ. ಮೂಲ ಮರ ಅಂದ್ರೆ ಪೆಟ್ಟಿಗೆ. ಬದಲಿ ಅಂದ್ರೆ ಹಂದಿ. ಎರಡರಲ್ಲಿ ಒಂದಂತೂ ನಿಮ್ಮದೇ ಅಲ್ವಾ?"

ಆ ಎರಡರಲ್ಲಿ ಒಂದು ಎಂಬ ಮಾತೇ ಮಾವನ ನಿದ್ದೆ ಕೆಡಿಸಿತು. ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆಯೇ ಬಂದೂಕು ಹಿಡಿದು ಮೇಜಿನ ಮುಂದೆ ನಿಂತಿದ್ದರು. ಜೀವಮಾನದಲ್ಲಿ ಮೊದಲ ಸಲ ತಾವೇ ಕಾಫಿ ಮಾಡಿ ತಂದಿದ್ದರು. ಅದರಲ್ಲಿ ಸಕ್ಕರೆ ಇರಲಿಲ್ಲ.

"ಅಲ್ಲಮ್ಮಾ, ಸ್ವಲ್ಪ ಮೂಲ, ಸ್ವಲ್ಪ ಬದಲಿ ಅಂತ ಏನಾದ್ರೂ ಬರೆಯೋಕಾಗಲ್ವಾ?"

"ಕಾಲು ಕಿಲೋ ಅದು, ಮುಕ್ಕಾಲು ಕಿಲೋ ಇದು ಅಂತ ತೂಗಿ ಕೊಡೋಕೆ ಇದೇನು ಬೆಲ್ಲನಾ ಮಾವ? ಹುಟ್ಟಿದಾಗ ಜೊತೆಗೆ ಬಂದ ಮರ, ಇಲ್ಲಾ ಆಮೇಲೆ ಬಂದ ಮರ. ನಿಮಗೆ ಯಾವುದು ಬೇಕು ಅಂತ ನಾನು ಕೇಳೋ ಹಾಗಿಲ್ಲ. ಅದನ್ನ ಮರಾನೇ ಹೇಳಬೇಕು."

"ಮರ ಮಾತಾಡುತ್ತಾ?"

"ನಿಮಗಿಂತ ಕಡಿಮೆ. ಆದ್ರೆ ದಿನಕ್ಕೊಂದು ಥರ ಮಾತಾಡಲ್ಲ."

ಅತ್ತೆ ಬಾಗಿಲಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದರು. ನಕ್ಕರೋ ಕೆಮ್ಮಿದರೋ ತಿಳಿಯಲಿಲ್ಲ.

ಸೊಸೆ ಬಂದೂಕನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಮೊದಲು ಕಣ್ಣು ಮುಚ್ಚಿ, ಮರವೂ ಕಬ್ಬಿಣವೂ ಕೂಡುವ ಅಂಚಿನ ಮೇಲೆ ಬೆರಳು ಹಾಯಿಸಿದಳು. ಮರ ಕಬ್ಬಿಣಕ್ಕಿಂತ ಒಂದು ಕೂದಲಿನಷ್ಟು ಮೇಲಿತ್ತು, ಉದ್ದಕ್ಕೂ ಒಂದೇ ಸಮ. ಆಮೇಲೆ ಯಾರಾದರೂ ಉಜ್ಜಿ ಪಾಲಿಶ್ ಹೊಡೆದಿದ್ದರೆ ಮರ ತಗ್ಗಿರುತ್ತಿತ್ತು. ಬೇರೆ ಮರ ತಂದು ಕೂರಿಸಿದ್ದರೆ ಎಲ್ಲಾದರೂ ಒಂದು ಕಡೆ ಸಂದಿ ಬಾಯಿ ಬಿಟ್ಟಿರುತ್ತಿತ್ತು. ಹೊಸ ಚಪ್ಪಲಿ ಕಾಲನ್ನು ಎಲ್ಲಾದರೂ ಕಚ್ಚಿಯೇ ಕಚ್ಚುತ್ತದೆ. ಇದು ಎಲ್ಲೂ ಕಚ್ಚಿರಲಿಲ್ಲ.

"ಏನಾಯ್ತು?" ಎಂದರು ಮಾವ, ಆಪರೇಷನ್ ಕೋಣೆಯ ಹೊರಗೆ ನಿಂತವರಂತೆ.

"ಇನ್ನೂ ನಾಡಿ ನೋಡ್ತಿದೀನಿ. ಸುಮ್ನಿರಿ."

ಭುಜಕ್ಕೆ ಆನಿಸಿಕೊಳ್ಳುವ ತುದಿಯಲ್ಲಿ ಒಂದು ಲೋಹದ ತಗಡಿತ್ತು. ಅದರ ಸ್ಕ್ರೂಗಳ ತಲೆಯ ಸೀಳಿನಲ್ಲಿ ಸ್ಕ್ರೂಡ್ರೈವರ್ ಜಾರಿದ ಒಂದು ಗಾಯವೂ ಇರಲಿಲ್ಲ. ಒಮ್ಮೆಯೂ ಯಾರೂ ಬಿಚ್ಚಿಲ್ಲ. ಅವಳು ಎಣ್ಣೆ ಬಿಟ್ಟು, ಕಾದು, ಮೆಲ್ಲಗೆ ತಿರುಗಿಸಿದಳು. ತಗಡು ಕಳಚಿತು. ಅದರ ಅಡಿಯಲ್ಲಿ, ಬೆಳಕು ಕಾಣದೆ ಇನ್ನೂ ತಿಳಿಯಾಗಿದ್ದ ಮರದ ಮೇಲೆ ಕಾರ್ಖಾನೆಯವರು ಒತ್ತಿದ ಸಂಖ್ಯೆ. ನಳಿಗೆಯ ಮೇಲಿದ್ದದ್ದೇ, ಒಂದಂಕಿಯೂ ವ್ಯತ್ಯಾಸವಿಲ್ಲ.

"ಮಾವ, ಮರ ಮೂಲದ್ದೇ."

ಮಾವನ ಮುಖ ಒಮ್ಮೆ ಅರಳಿತು. ಗಾಜಿನ ಪೆಟ್ಟಿಗೆ ಕಂಡಿರಬೇಕು. ಮರುಗಳಿಗೆ ಬಾಡಿತು. ಹಂದಿ ಕಾಣದಿದ್ದಿರಬೇಕು.

ಕೆಲಸ ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಅರ್ಧಕ್ಕೆ ಬಿಡುವ ಅಭ್ಯಾಸ ಅವಳಿಗಿರಲಿಲ್ಲ. ಕಬ್ಬಿಣವನ್ನು ಮರದಿಂದ ಎತ್ತಿದಳು. ಒಳಗೆ ಕಾರ್ಖಾನೆಯ ಗ್ರೀಸು ಹಳದಿ ಮೇಣದಂತೆ ಗಟ್ಟಿಯಾಗಿ ಕೂತಿತ್ತು. ಅದನ್ನು ಒರೆಸಿ, ಭೂತಗನ್ನಡಿ ಹಿಡಿದು ನೋಡಿದಳು.

ಗುಂಡು ಹಾರಿದಾಗಲೆಲ್ಲ ಕಬ್ಬಿಣ ಹಿಂದಕ್ಕೆ ಒದೆಯುತ್ತದೆ. ಒದೆ ತಿಂದ ಕಡೆ ಮರ ಒತ್ತಿಕೊಂಡು ಹೊಳೆಯುತ್ತದೆ. ಎಷ್ಟು ಬೇಟೆ ಆಡಿದ್ದಾರೆಂಬುದನ್ನು ಬೇಟೆಗಾರನಿಗಿಂತ ಆ ಜಾಗವೇ ಚೆನ್ನಾಗಿ ಹೇಳುತ್ತದೆ. ಈ ಮರ ಒದೆ ತಿಂದೇ ಇರಲಿಲ್ಲ. ಉಳಿ ಬಿಟ್ಟುಹೋದ ಸಣ್ಣ ಗೆರೆಗಳು ಇನ್ನೂ ಹಾಗೇ ಎದ್ದು ನಿಂತಿದ್ದವು. ಕಾರ್ಖಾನೆಯವರು ಪರೀಕ್ಷೆಗೆಂದು ಹಾರಿಸಿದ್ದು ಬಿಟ್ಟರೆ ಆ ಬಂದೂಕು ಬಾಯಿ ತೆರೆದದ್ದೇ ಇಲ್ಲ.

"ಮಾವ... ಇನ್ನೊಂದು ವಿಷಯ ಇದೆ."

"ಗುಂಡೇ ಹಾರಿಸಿಲ್ಲ ಅಂತ ತಾನೆ?" ಎಂದರು ಅತ್ತೆ ಬಾಗಿಲಿಂದ, ಬಟಾಣಿಯಿಂದ ಕಣ್ಣೆತ್ತದೆ.

ಮಾವ ಗರ್ರನೆ ತಿರುಗಿದರು. "ನಿನಗೆ ಯಾರು ಹೇಳಿದ್ದು?"

"ಯಾರು ಯಾಕೆ ಹೇಳಬೇಕು ರೀ? ಬಚ್ಚಲಲ್ಲಿ ಜಿರಲೆ ಬಂದ್ರೆ ನನ್ನನ್ನ ಕೂಗೋರು ನೀವು. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ?"

"ನಿಮ್ಮಪ್ಪ ನಂಬಿದ್ರು!"

"ಎಲ್ಲಿ ನಂಬಿದ್ರು? ಕಥೆ ಚೆನ್ನಾಗಿದೆ ಅಂದ್ರು ಅಷ್ಟೆ."

ಸೊಸೆಗೆ ಈಗ ನಿಜವಾಗಿ ಇಕ್ಕಟ್ಟಾಯಿತು. ಹುಟ್ಟಿನ ಮರ, ಹಾರಿಸದ ನಳಿಗೆ. ಅಂಥ ಹಳೇ ಬಂದೂಕು ಅವಳ ಅಪ್ಪನ ಮೇಜಿಗೂ ಬಂದದ್ದಿಲ್ಲ; ಕ್ಲಬ್ಬಿನವರು ಅದನ್ನು ಹಾಲಿನ ನಟ್ಟನಡುವೆ ಇಡುತ್ತಾರೆ. ಚೀಟಿಯಲ್ಲಿ ಮಾವನ ಹೆಸರು ಬರೆದು, ಅದರಡಿ 'ಒಮ್ಮೆಯೂ ಬೇಟೆಗೆ ಬಳಸಿಲ್ಲ' ಎಂದು ಬರೆಯುತ್ತಾರೆ. ಬಂದೂಕಿನ ಮಾನ ಏರಿದಷ್ಟೂ ಮಾವನ ಮಾನ ಇಳಿಯುತ್ತದೆ. ಅದೂ ಪೊದೆಮೀಸೆಯ ಫೋಟೋದ ಕೆಳಗೆ, ಸೂಜಿಯ ಮೂಗಿನ ಮುಂದೆ. ಇತ್ತ ಬದಲಿ ಮರವೆಂದು ಬರೆದುಬಿಟ್ಟರೆ ಮಾವ ಉಳಿಯುತ್ತಾರೆ, ಅವಳ ಮಾತು ಉಳಿಯುವುದಿಲ್ಲ. ಅತ್ತ ದರಿ ಇತ್ತ ಪುಲಿ ಎನ್ನುತ್ತಾರಲ್ಲ, ಇಲ್ಲಿ ಪುಲಿಯ ಜಾಗದಲ್ಲಿ ಹಂದಿ ಕೂತಿತ್ತು.

ಬಂದೂಕನ್ನು ಮತ್ತೆ ಜೋಡಿಸಿ ಮೇಜಿನ ಮೇಲಿಟ್ಟು, ಮಕ್ಕಳಿಗೆ ಊಟ ಬಡಿಸಲು ಒಳಗೆ ಹೋದಳು. ಒಂದಕ್ಕೆ ಮೊಸರು ಬೇಡ, ಇನ್ನೊಂದಕ್ಕೆ ಮೊಸರು ಬಿಟ್ಟು ಇನ್ನೇನೂ ಬೇಡ. ಕೈ ಒರೆಸಿಕೊಂಡು ಬಂದು ನೋಡಿದರೆ ಮೇಜು ಖಾಲಿ.

ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮುಂದೆ ಮಾವ ನಿಂತಿದ್ದರು. ನಳಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಬಂದೂಕನ್ನು ತಲೆಕೆಳಗಾಗಿ ಮೇಲೆತ್ತಿದ್ದರು. ಕಥೆಯಲ್ಲಿ ಸಾವಿರ ಸಲ ತೋರಿಸಿದ ಭಂಗಿ. ಕಲ್ಲು ಹಂದಿಯ ಜಾಗದಲ್ಲಿತ್ತು.

"ಮಾವ!"

"ಒಂದೇ ಏಟಮ್ಮ. ಒಂದೇ ಏಟಿಗೆ ಅಷ್ಟೂ ವರ್ಷದ ಕಥೆ ನಿಜ ಆಗಿಬಿಡುತ್ತೆ."

"ಆಗಲ್ಲ ಮಾವ. ಇವತ್ತು ಮುರಿದದ್ದು ಇವತ್ತು ಮುರಿದ ಹಾಗೇ ಕಾಣುತ್ತೆ. ನಾನು ಅದನ್ನೇ ಬರೀಬೇಕಾಗುತ್ತೆ."

ಅತ್ತೆ ಬಕೆಟ್ ಹಿಡಿದು ಬಂದರು. "ಹೊಡೆಯೋದಾದ್ರೆ ಬೇಗ ಹೊಡೀರಿ. ಬಟ್ಟೆ ನೆನೆಸಿದೀನಿ, ಕಲ್ಲು ಬೇಕು."

ಬಂದೂಕು ಇನ್ನಷ್ಟು ಮೇಲೆ ಹೋಯಿತು. ಸೊಸೆ ಕಣ್ಣು ಮುಚ್ಚಿಕೊಂಡಳು. ಏಟು ಬೀಳಲಿಲ್ಲ. ಕಣ್ಣು ಬಿಟ್ಟಾಗ ಮಾವ ಬಂದೂಕನ್ನು ಇಳಿಸಿ, ಕಲ್ಲಿನ ಮೇಲೆ ಕೂತು, ತಮ್ಮ ಪಂಚೆಯ ತುದಿಯಿಂದ ಮರವನ್ನು ಒರೆಸುತ್ತಿದ್ದರು.

"ಕೈ ಏಳುತ್ತೆ," ಎಂದರು ಸಣ್ಣ ದನಿಯಲ್ಲಿ. "ಇಳಿಯಲ್ಲ. ಅವತ್ತೂ ಹಾಗೇ."

ಸೊಸೆ ಅವರ ಕೈಯಿಂದ ಬಂದೂಕನ್ನು ತೆಗೆದುಕೊಂಡಳು.

"ಬರಿ," ಎಂದರು ಮಾವ ಎದ್ದು ನಿಂತು. "ಇದ್ದದ್ದನ್ನ ಇದ್ದ ಹಾಗೇ ಬರಿ."

"ಇದ್ದದ್ದು ಇದ್ದ ಹಾಗೆ ಹೇಳಿದ್ರೆ ಎದ್ದು ಬಂದು ಎದೆಗೆ ಒದೀತಾರೆ ಅಂತ ಗಾದೆ ಇದೆ ಮಾವ."

"ಒದೀಲಿ ಬಿಡು. ಈ ಬಂದೂಕಂತೂ ಒದೀಲಿಲ್ಲ. ಯಾರಾದ್ರೂ ಒಬ್ಬರು ಒದೀಬೇಕಲ್ಲ."

ಭಾನುವಾರ ಕ್ಲಬ್ಬಿನ ಹಾಲು ತುಂಬಿತ್ತು. ಹಂದಿಯ ಕಥೆ ಕೇಳಿದವರನ್ನೆಲ್ಲ ಮಾವ ಮೊದಲೇ ಕರೆದಿಟ್ಟಿದ್ದರು; ಅಂದರೆ ಊರಿಗೆ ಊರೇ ಬಂದಿತ್ತು. ಕಾರ್ಯದರ್ಶಿ ಗಾಜಿನ ಪೆಟ್ಟಿಗೆಯ ಮುಂದೆ ನಿಂತು ಚೀಟಿಯನ್ನು ಗಟ್ಟಿಯಾಗಿ ಓದಿದರು. ಮರ: ಮೂಲದ್ದು. ನಳಿಗೆ: ಕಾರ್ಖಾನೆ ಬಿಟ್ಟ ಮೇಲೆ ಒಮ್ಮೆಯೂ ಹಾರಿಸಿಲ್ಲ. ಇಂಥ ಬಂದೂಕು ಎಲ್ಲೆಲ್ಲೂ ಸಿಗುವುದಿಲ್ಲವೆಂದು ಹೆಮ್ಮೆಯಿಂದ ತಲೆ ಎತ್ತಿದರು. ಚಪ್ಪಾಳೆ ಬರಲಿಲ್ಲ. ಎಲ್ಲರೂ ಪೆಟ್ಟಿಗೆಯನ್ನು ಬಿಟ್ಟು ಮಾವನನ್ನು ನೋಡುತ್ತಿದ್ದರು.

"ಇನ್ಸ್‌ಪೆಕ್ಟ್ರೇ," ಎಂದ ಸೂಜಿ. ಆ ಮೌನದಲ್ಲಿ ನಿಜವಾದ ಸೂಜಿ ಬಿದ್ದಿದ್ದರೂ ಇದಕ್ಕಿಂತ ಕಡಿಮೆ ಸದ್ದಾಗುತ್ತಿತ್ತು. "ಹಂದಿ?"

ಸೊಸೆ ಅತ್ತೆಯ ಕೈ ಹಿಡಿದಳು. ಮಾವ ಗೋಡೆಯ ಮೇಲಿನ ಮೀಸೆಯನ್ನು ಒಮ್ಮೆ ನೋಡಿದರು.

"ಹಂದಿ ಇತ್ತು," ಎಂದರು. "ಆದ್ರೆ ಅದು ಹೆಣ್ಣು. ಅಷ್ಟೇನೂ ದೊಡ್ಡದಲ್ಲ, ಈ ಇಸ್ಪೀಟಿನ ಮೇಜಿನ ಕೆಳಗೆ ಆರಾಮಾಗಿ ನಿಲ್ತಿತ್ತು. ಒಂದು ಕಿವಿ ಹರಿದಿತ್ತು. ಗುಂಡೆಲ್ಲ ನನ್ನ ಹತ್ರಾನೇ ಇತ್ತು, ಒಂದೂ ಖರ್ಚಾಗಿರಲಿಲ್ಲ. ಎತ್ತಿದೆ, ಗುರಿ ಹಿಡಿದೆ. ಅದು ನಿಂತ್ಕೊಂಡು ನನ್ನ ನೋಡ್ತು. ಹಿಂದಿನಿಂದ ಮರಿಗಳು ಬಂದವು. ಮೈಮೇಲೆ ಪಟ್ಟೆ ಪಟ್ಟೆ, ಮಕ್ಕಳ ಬನಿಯನ್ನಿನ ಹಾಗೆ. ಒಂದು ಮರಿಗೆ ಬುದ್ಧಿ ಇರಲಿಲ್ಲ, ಸೀದಾ ಬಂದು ನನ್ನ ಬೂಟು ಮೂಸಿ ನೋಡ್ತು, ನೆಕ್ಕಿತು. ನನಗೆ ಹಾರಿಸೋಕೂ ಆಗಲಿಲ್ಲ, ಓಡೋಕೂ ಆಗಲಿಲ್ಲ. ಆಮೇಲೆ ಅವಕ್ಕೇ ಬೇಜಾರಾಗಿ ಹೊರಟುಹೋದವು. ಮನೆಗೆ ಬಂದ್ರೆ ಗೇಟಲ್ಲಿ ಇವರು ನಿಂತಿದ್ರು." ಮಾವ ಫೋಟೋದ ಕಡೆ ಗಲ್ಲ ಎತ್ತಿದರು. "ಏನಾಯ್ತು ಅಳಿಯಂದಿರೇ ಅಂದ್ರು. ಆ ಮೀಸೆ ನೋಡಿ ನಾನು ಏನು ಹೇಳಲಿ? ಬೂಟು ನೆಕ್ಕಿತು ಅನ್ಲಾ?"

ಸೊಸೆ ಕಿವಿಗೊಟ್ಟು ಕೇಳುತ್ತಿದ್ದಳು. ಈ ಸಲ ಮಾವ ಹಂದಿಯ ಹಾಗೆ ಗುಟುರು ಹಾಕಲಿಲ್ಲ, ಕೈ ಬೀಸಲಿಲ್ಲ.

ಸೂಜಿ ಸುಮ್ಮನೆ ಬಿಡುವವನೇ? "ಯಾವ ಕಾಲಿನ ಬೂಟು?"

"ಎಡಗಾಲು," ಎಂದರು ಮಾವ.

ಕೆಮ್ಮಲಿಲ್ಲ. ನೀರು ಕೇಳಲಿಲ್ಲ. ಸೂಜಿ ಅವರ ಎಡಗಾಲನ್ನೇ ನೋಡಿದ. ಇಡೀ ಹಾಲು ಅವರ ಎಡಗಾಲನ್ನು ನೋಡಿತು. ಕಾರ್ಯದರ್ಶಿ ಮೊದಲು ನಕ್ಕರು, ಆಮೇಲೆ ಅತ್ತೆ, ಆಮೇಲೆ ಎಲ್ಲರೂ. ಆ ನಗುವಿನಲ್ಲಿ ಮಾವನ ಮುಖವೂ ಮೆಲ್ಲಗೆ ಸಡಿಲಾಯಿತು. ಬೂಟು ನೆಕ್ಕಿಸಿಕೊಂಡ ಶಿಕಾರಿಯನ್ನು ಹತ್ತಿರದಿಂದ ನೋಡಲು ಜನ ಸುತ್ತುಗಟ್ಟಿದರು. ಗಾಜಿನ ಪೆಟ್ಟಿಗೆಯೊಳಗೆ ಬಂದೂಕು ಒಂಟಿಯಾಗಿ ಮಲಗಿತ್ತು.

ಮನೆಗೆ ಮರಳುವ ಬಸ್ಸಿನಲ್ಲಿ ಪಕ್ಕದ ಸೀಟಿನ ಅಪರಿಚಿತರೊಬ್ಬರು ಸಿಕ್ಕಿಬಿದ್ದರು.

"ಮರಿಗಳು ಅಂದ್ರೆ ಒಂದೆರಡಲ್ಲ ಸ್ವಾಮಿ," ಎನ್ನುತ್ತಿದ್ದರು ಮಾವ. "ದಾರಿಯೇ ಕಾಣಿಸ್ತಿರಲಿಲ್ಲ. ಹಿಂಡು, ಹಿಂಡು!"

"ರೀ," ಎಂದರು ಅತ್ತೆ ಹಿಂದಿನ ಸೀಟಿನಿಂದ, "ಅಷ್ಟೊಂದು ಮರಿಗೆ ಹಾಲು ಕೊಡೋಕೆ ಇಸ್ಪೀಟು ಮೇಜಿನಡಿ ನಿಲ್ಲೋ ತಾಯಿ ಸಾಕಾಗುತ್ತೇನ್ರೀ?"

ಮಾವ ಒಂದು ಕ್ಷಣ ತಡೆದರು. ಆಮೇಲೆ ಅಪರಿಚಿತರ ಕಡೆ ವಾಲಿ, ಬಸ್ಸಿನ ಬಾಗಿಲಿಗೆ ಕೈ ತೋರಿಸಿದರು.

"ಅದಕ್ಕೇ ಅಲ್ವಾ ಅದು ಅಷ್ಟು ದೊಡ್ಡದಿದ್ದದ್ದು!"

ಸೊಸೆ ಮುಂದಕ್ಕೆ ಬಾಗಿ ಕೇಳಿದಳು, "ಬೂಟು ಯಾವ ಕಾಲಿಂದು ಮಾವ?"

"ಎಡಗಾಲಿಂದು," ಎಂದರು ಮಾವ ತಿರುಗಿಯೂ ನೋಡದೆ, ಮತ್ತು ಹಂದಿಯ ಎತ್ತರಕ್ಕೆ ಕೈ ಎತ್ತಿದರು.